ಕೋವಿಗೆ ಹಾಕದ ಸಹಿ

"ಟೀಚರಮ್ಮೋರು ಕೋವಿ ಇಟ್ಕಂಡವ್ರಂತೆ" ಎಂಬ ಸುದ್ದಿ, ಕೋವಿ ನಮ್ಮ ಮನೆಗೆ ಬರುವ ಮೊದಲೇ ಹಾಸನದ ನಮ್ಮ ಬೀದಿಗೆ ಬಂದು ಕೂತಿತ್ತು. ಹಾಲು ಹಾಕುವ ಹುಡುಗ ಚೊಂಬಿಗೆ ಹಾಲು ಸುರಿಯುತ್ತಾ ನನ್ನ ಮುಖವನ್ನೇ ನೋಡುತ್ತಿದ್ದ. ಸ್ಟಾಫ್ ರೂಮಿನಲ್ಲಿ ಗಣಿತದ ಹಿರಿಯ ಮೇಷ್ಟ್ರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡು, "ಅಲ್ಲ ಮೇಡಂ, ಅಕ್ಟೋಬರ್ ಎರಡನೇ ತಾರೀಕು ಭಾಷಣ ಮಾಡೋರು ನೀವೇ ಅಲ್ವೇ?" ಎಂದರು. ಹೊಳೆನರಸೀಪುರದಲ್ಲಿರುವ ನಮ್ಮೆಜಮಾನರ ಕಡೆಯ ದೊಡ್ಡಮ್ಮ ಫೋನು ಮಾಡಿ, "ಮನೇಲಿ ಗಂಡಸರಿಲ್ವೇನವ್ವಾ?" ಎಂದು ಕೇಳಿದರು. ನಾನು ಎಲ್ಲರಿಗೂ ನಕ್ಕೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿದವಳಿಗೆ ಯಾವ ಪ್ರಶ್ನೆಗೆ ಉತ್ತರ ಹೇಳಬೇಕು, ಯಾವುದಕ್ಕೆ ನಕ್ಕು ಸುಮ್ಮನಾಗಬೇಕು ಎಂಬುದು ತಿಳಿದಿರುತ್ತದೆ. ಆದರೆ ಒಂದು ಪ್ರಶ್ನೆ ಮಾತ್ರ ಎಲ್ಲರ ಬಾಯಲ್ಲೂ ಕೊನೆಗೆ ಬಂದೇ ಬಂತು: "ನಿಮಗೆ ತಮ್ಮ ಇದ್ದಾರಲ್ಲ?"

ಇದ್ದಾನೆ. ಈ ಬರಹ ಅದಕ್ಕೇ.

ಕೋವಿ ನಮ್ಮ ಅಪ್ಪನದು. ಒಂಟಿ ನಳಿಗೆಯ ಹನ್ನೆರಡು ಬೋರಿನ ತೋಟಾ ಕೋವಿ. ಬೆಲೆಬಾಳುವಂಥದ್ದಲ್ಲ. ಹಿಡಿಯ ಮರ ಒಂದು ಕಡೆ ಸೀಳು ಬಿಟ್ಟು ಅಪ್ಪ ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ನಮ್ಮೂರು ಅರಕಲಗೂಡು ತಾಲ್ಲೂಕಿನಲ್ಲಿ ಕೊಡಗಿನ ಗಡಿಯ ಕಡೆ. ಭತ್ತ ಹಾಲು ತುಂಬುವ ಹೊತ್ತಿಗೆ ಹಂದಿ, ಕೆಲವು ವರ್ಷ ಆನೆ. ಗದ್ದೆಯ ಬದುವಿನಲ್ಲಿ ನಾಲ್ಕು ಕಂಬ ನೆಟ್ಟು ಅಟ್ಟಣೆ ಕಟ್ಟಿ ಅಪ್ಪ ರಾತ್ರಿ ಕಾವಲು ಹೋಗುತ್ತಿದ್ದರು. ನಾನು ಹಿರಿಯವಳು, ಜೊತೆಗೆ ಹೋಗುತ್ತಿದ್ದವಳು ನಾನೇ. ಲಾಟೀನು ಹಿಡಿಯುವುದು, ತೋಟಾ ಚೀಲ ಕಾಯುವುದು, ನಿದ್ದೆ ಬಾರದ ಹಾಗೆ ಅಪ್ಪನ ಹತ್ತಿರ ಮಾತಾಡುವುದು ನನ್ನ ಕೆಲಸ. ತೋಟಾಗಳ ಮೇಲೆ ಬರೆದ ನಂಬರು ನೋಡಿ ಯಾವುದು ದಪ್ಪ ಚರೆ, ಯಾವುದು ಸಣ್ಣ ಚರೆ ಎಂದು ಕತ್ತಲಲ್ಲೇ ಎತ್ತಿ ಕೊಡುವಷ್ಟು ನನಗೆ ಬರುತ್ತಿತ್ತು. 1972ರಲ್ಲಿ ವನ್ಯಜೀವಿ ಕಾಯಿದೆ ಬಂದ ಮೇಲೆ ಅಪ್ಪ ಷಿಕಾರಿ ಬಿಟ್ಟರಂತೆ. ನನಗೆ ಬುದ್ಧಿ ಬಂದ ಮೇಲೆ ಅವರು ಹೊಡೆದದ್ದೆಲ್ಲ ಆಕಾಶಕ್ಕೆ. ಹಾರಿಸಿದ ಮೇಲೆ ಕೋವಿ ಮುರಿದರೆ ಬರುವ ಆ ಸುಟ್ಟ ಮದ್ದಿನ ವಾಸನೆ, ಬೆಚ್ಚಗಿನ ಖಾಲಿ ತೋಟಾ! ಅದನ್ನು ತುಟಿಗಿಟ್ಟು ಊದಿದರೆ ಸಿಳ್ಳು ಬರುತ್ತಿತ್ತು. ಅವ್ವ ಒಂದು ಖಾಲಿ ತೋಟಾಕ್ಕೆ ಬಟ್ಟೆಯ ಬಿರಡೆ ಹಾಕಿ ಸೂಜಿಗಳನ್ನು ಇಟ್ಟುಕೊಂಡಿದ್ದರು.

1979, ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದ ವರ್ಷ. ನನಗೆ ಹನ್ನೊಂದು, ತಮ್ಮನಿಗೆ ಏಳು. ಆಯುಧಪೂಜೆಯ ಮಾರನೆಯ ದಿನ ಅಪ್ಪ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಹಿಂದಿನಿಂದ ಅವನ ತೋಳು ಹಿಡಿದು, ಹಲಸಿನ ಮರದ ಮೇಲಕ್ಕೆ ಒಂದು ಗುಂಡು ಹಾರಿಸಿಸಿದರು. ಅವನು ಹೆದರಿ ಅತ್ತ. ನಾನು ಮುಂದೆ ಹೋಗಿ ಕೈ ಚಾಚಿದೆ. "ಹೆಣ್ಮಕ್ಕಳಿಗ್ಯಾಕವ್ವ" ಎಂದರು ಅಪ್ಪ. ಗದರಿಸಿ ಹೇಳಲಿಲ್ಲ, ಪ್ರೀತಿಯಿಂದಲೇ ಹೇಳಿದರು. ಗದರಿಸಿದ್ದರೆ ಮರೆತುಹೋಗುತ್ತಿತ್ತೋ ಏನೋ. ಅಂದಿನಿಂದ ಆ ಕೋವಿಯ ಮೇಲೆ ನನಗೆ ಆಸೆ.

ನಮ್ಮೂರಿನಿಂದ ಗಡಿ ದಾಟಿದರೆ ಲೆಕ್ಕವೇ ಬೇರೆ. 1857ರ ದಂಗೆಯಾದ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಿತ್ತುಕೊಂಡಾಗ ಕೊಡಗಿನವರಿಗೆ 1861ರಲ್ಲಿ ವಿನಾಯಿತಿ ಸಿಕ್ಕಿತು. 1959ರ ಆಯುಧ ಕಾಯಿದೆಯ ಕೆಳಗೂ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಸರಿ ಎಂದಿತು. ಅವರಿಗೆ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಆದರೆ ಒಂದು ಮಾತು: ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು ಹಿಂದಿನಿಂದ ಬಂದ ಪದ್ಧತಿ. ನಾವು ಗಡಿಯ ಈಚೆಯವರು ಗುಂಡು ಹಾರಿಸುವುದಿಲ್ಲ. ಹೆಣ್ಣು ಎಂದರೆ ಸುಮ್ಮನಿರುವುದರಲ್ಲಿ ಮಾತ್ರ ಆಚೆ ಈಚೆ ಎರಡೂ ಕಡೆ ಒಂದೇ.

ಇನ್ನು ಗಾಂಧಿ ಜಯಂತಿಯ ವಿಷಯ. ಆ ಗಣಿತದ ಮೇಷ್ಟ್ರಿಗೆ ಅವತ್ತು ಹೇಳದ್ದನ್ನು ಇಲ್ಲಿ ಹೇಳುತ್ತೇನೆ. 1878ರಲ್ಲಿ ಲಾರ್ಡ್ ಲಿಟ್ಟನ್ ತಂದ ಆಯುಧ ಕಾಯಿದೆಯಲ್ಲಿ ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ಲೈಸೆನ್ಸು. ಅದನ್ನು ಅವಮಾನವೆಂದು ತಿಳಿದವರಲ್ಲಿ ಗಾಂಧೀಜಿಯೂ ಒಬ್ಬರು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಒಂದಾಗಿತ್ತು. ಸಂವಿಧಾನ ಬರೆಯುವಾಗ ಅದನ್ನು ಸೇರಿಸಲಿಲ್ಲ. ಸೇರಿಸದೇ ಇದ್ದದ್ದು ಒಳ್ಳೆಯದಾಯಿತು ಎನ್ನುವವಳು ನಾನು. ಮನೆಮನೆಗೂ ಕೋವಿ ಬೇಕೆಂದು ನನ್ನ ವಾದವಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹೊಡೆದು ಮೀಸೆ ತಿರುವುವವರಿಗೆ 2019ರ ತಿದ್ದುಪಡಿಯಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಎಂದು ಬರೆದಾಗ ಪೇಪರು ಓದಿ ಚಪ್ಪಾಳೆ ತಟ್ಟಿದವಳು. ಒಬ್ಬರಿಗೆ ಮೂರು ಕೋವಿ ಇದ್ದದ್ದನ್ನು ಎರಡಕ್ಕೆ ಇಳಿಸಿದ್ದೂ ಆಗಲೇ. ಒಂದಕ್ಕೆ ಇಳಿಸಿದ್ದರೂ ನನ್ನ ತಕರಾರಿರಲಿಲ್ಲ.

ಹಾಗಾದರೆ ನನಗೇಕೆ ಬೇಕಿತ್ತು? ನಮ್ಮ ಮನೆಗೆ ಬಂದವರಿಗೆ ಗೊತ್ತು, ನಡುಮನೆಯ ಪಕ್ಕದ ಕೋಣೆ ನನ್ನ ಸಂಗ್ರಹದ ಕೋಣೆ. ಹೊಳೆನರಸೀಪುರದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಂತೆಯಲ್ಲಿ ಹಳೇ ಪಾತ್ರೆಯವನ ಹತ್ತಿರ ಒಂದು ಹಿತ್ತಾಳೆ ಸೇರು, ಪಾವು, ಚಟಾಕು ತೆಗೆದುಕೊಂಡೆ. ಮಕ್ಕಳಿಗೆ ಕಿಲೋಗ್ರಾಂ ಬರುವ ಮುಂಚಿನ ಅಳತೆ ತೋರಿಸಲೆಂದು. ಅಲ್ಲಿಂದ ಶುರುವಾಯಿತು. ಚನ್ನರಾಯಪಟ್ಟಣಕ್ಕೆ ವರ್ಗವಾದಾಗ ತೆಂಗಿನಕಾಯಿ ಸುಲಿಯುವ ಹಾರೆ, ಅಲ್ಲಿಯ ಒಬ್ಬ ಅಜ್ಜಿ ಕೊಟ್ಟ ರಾಟೆ. ಅರಕಲಗೂಡಿನಲ್ಲಿದ್ದ ಏಳು ವರ್ಷದಲ್ಲಿ ಒನಕೆ, ರಾಗಿಕಲ್ಲು, ಕೊಳಗ, ಸಿದ್ದೆ, ಮೂರು ಥರದ ಲಾಟೀನು. ಪ್ರತಿಯೊಂದಕ್ಕೂ ರಟ್ಟಿನ ಚೀಟಿ ಬರೆದು ಕಟ್ಟಿದ್ದೇನೆ, ಯಾರದು, ಯಾವ ಊರಿನದು, ಏನಕ್ಕೆ ಬಳಸುತ್ತಿದ್ದರು ಎಂದು. ಇಷ್ಟೆಲ್ಲ ಬೇರೆಯವರ ಮನೆಯ ವಸ್ತು. ನಮ್ಮಪ್ಪನದು ಎಂದು ಬರೆದು ಕಟ್ಟಲು ಒಂದೂ ಇರಲಿಲ್ಲ. ನೇಗಿಲು ನೊಗ ತಮ್ಮನ ಕೊಟ್ಟಿಗೆಯಲ್ಲಿ ಗೆದ್ದಲು ಹಿಡಿದವು.

ಟಿಪ್ಪುವಿನ ಕತ್ತಿಗಳನ್ನು ನೋಡಿ. ಲಂಡನ್ನಿನ ಹರಾಜಿನಲ್ಲಿ ಒಂದು ಕತ್ತಿ ವಿಜಯ ಮಲ್ಯರಿಗೆ ಸಿಕ್ಕಿತೆಂದು 2004ರಲ್ಲಿ ನಾಡೆಲ್ಲ ಹಿಗ್ಗಿತು, ಆಮೇಲೆ ಅವರು ಅದನ್ನೂ ಯಾರಿಗೋ ಕೊಟ್ಟರಂತೆ. 2023ರಲ್ಲಿ ಇನ್ನೊಂದು ಕತ್ತಿ ನೂರನಲವತ್ತು ಲಕ್ಷ ಪೌಂಡಿಗೆ ಹೋಯಿತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಸಿಕ್ಕ ಸಾವಿರದಷ್ಟು ರಾಕೆಟ್ಟುಗಳು ಪುಣ್ಯಕ್ಕೆ ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ಸುಲ್ತಾನನ ಆಯುಧಕ್ಕೆ ಕೇಳುವವರಿದ್ದಾರೆ. ಭತ್ತ ಕಾದವನ ಕೋವಿಗೆ? ಲೈಸೆನ್ಸುದಾರ ಸತ್ತರೆ ಅದನ್ನು ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕು. ಗೊತ್ತುಮಾಡಿದ ಅವಧಿಯಲ್ಲಿ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಮಾಡಿಸಿಕೊಳ್ಳದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲು. ಮಲೆನಾಡಿನ ಅಂಚಿನ ರೈತನ ಚರಿತ್ರೆಯ ಒಂದು ಪುಟ ಹೀಗೆ ತುಕ್ಕು ಹಿಡಿದು ಮುಗಿಯುತ್ತದೆ.

ಈಗ ಸಹಿಯ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು.

ನಮ್ಮ ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕಿನ ಬಗ್ಗೆ ಕಾಯಿದೆ ಮಾಡಿತ್ತು ಎಂದು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. 1994ರಲ್ಲಿ ಕರ್ನಾಟಕ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂದಿತು. ಆದರೆ ಆ ಕಾಯಿದೆ ಬರುವ ಮೊದಲೇ ಮದುವೆಯಾದವರಿಗಿಲ್ಲ. ನನ್ನ ಮದುವೆ 1992ರಲ್ಲಿ. ಎರಡು ವರ್ಷದಲ್ಲಿ ತಪ್ಪಿಹೋಯಿತು! 2005ರ ಸೆಪ್ಟೆಂಬರಿನಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಬೇಲಿಯೂ ಹೋಯಿತು. ಮಾರನೆಯ ವರ್ಷವೇ ನಮ್ಮ ಮನೆಯಲ್ಲಿ ಪಾಲುಪಟ್ಟಿಯ ಮಾತೆದ್ದಿತು. ಕಾಯಿದೆ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟ ಕೂಡಲೇ ಊರೂರಿನಲ್ಲಿ ನಡೆದದ್ದು ಹಂಚಿಕೆಯಲ್ಲ, ಹಕ್ಕು ಬಿಡುಗಡೆ ಪತ್ರ. ಯಾರಿಗೆ ಹಕ್ಕೇ ಇಲ್ಲವೋ ಅವರ ಸಹಿ ಯಾರಿಗೂ ಬೇಕಿರಲಿಲ್ಲ. ಹಕ್ಕು ಬಂದದ್ದರಿಂದ ನಮ್ಮ ಸಹಿಗೆ ಬೆಲೆ ಬಂತು, ಆ ಬೆಲೆ ಒಂದು ಸೀರೆ ಮತ್ತು ಅರಿಶಿನ ಕುಂಕುಮಕ್ಕೆಂದು ಐದು ಸಾವಿರ ರೂಪಾಯಿ.

2006ರ ಒಂದು ಮಧ್ಯಾಹ್ನ ನಾನು ಅರ್ಧ ದಿನ ರಜೆ ಹಾಕಿ ಉಪನೋಂದಣಿ ಕಚೇರಿಗೆ ಹೋದೆ. ಬೆಳಿಗ್ಗೆ ಒಂಬತ್ತನೇ ತರಗತಿಗೆ ಸಮಾನತೆಯ ಹಕ್ಕಿನ ಪಾಠ ಮಾಡಿ ಬಂದಿದ್ದೆ. ಚನ್ನರಾಯಪಟ್ಟಣದಿಂದ ತಂಗಿ ಬಂದಿದ್ದಳು. ಅಪ್ಪ ಬೆಂಚಿನ ತುದಿಯಲ್ಲಿ ಟವೆಲು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಪತ್ರ ಬರೆದವರು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ. ಓದಲಿಲ್ಲ. ಮಕ್ಕಳಿಗೆ "ಪ್ರಶ್ನೆಯನ್ನು ಎರಡು ಸಲ ಓದಿ" ಎಂದು ಬಡಿದುಕೊಳ್ಳುವವಳು ಹತ್ತು ಪುಟದ ಪತ್ರವನ್ನು ಒಂದು ಸಲವೂ ಓದಲಿಲ್ಲ. "ಓದೋದೇನಿದೆ ಬಿಡಕ್ಕ, ನಾವೇನು ಹೊರಗಿನವ್ರಾ" ಎಂದ ತಮ್ಮ. ತವರಿನ ಬಾಗಿಲು ಮುಚ್ಚಬಾರದಲ್ಲ ಎಂಬ ಭಯ. ತವರಿನ ಬಾಗಿಲು ಎಂಬ ಈ ಮಾತಿಗೆ ಎಷ್ಟು ಎಕರೆ ತೋಟ ಗದ್ದೆ ಹೋಗಿವೆಯೋ ಲೆಕ್ಕ ಇಟ್ಟವರಿಲ್ಲ. ಬಾಗಿಲು ತೆರೆದಿರಲಿ ಎಂದು ಮನೆಯನ್ನೇ ಬರೆದುಕೊಡುವವರು ನಾವು.

ಆಮೇಲೆ ಸುಪ್ರೀಂ ಕೋರ್ಟಿಗೆ ನಮ್ಮ ಕರ್ನಾಟಕದಿಂದಲೇ ಫೂಲಾವತಿಯ ವ್ಯಾಜ್ಯ ಹೋಯಿತು, ದಾನಮ್ಮನ ವ್ಯಾಜ್ಯ ಹೋಯಿತು. ಒಂದರಲ್ಲಿ ಹಾಗೆ, ಒಂದರಲ್ಲಿ ಹೀಗೆ ತೀರ್ಪಾಗಿ, 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು, 2005ರಲ್ಲಿ ತಂದೆ ಬದುಕಿರಬೇಕೆಂದೇನಿಲ್ಲ ಎಂದು ಇತ್ಯರ್ಥವಾಯಿತು. ಅವತ್ತಿನ ಪೇಪರನ್ನು ನಾನು ಎರಡು ಸಲ ಓದಿದೆ. ಬಿಡುಗಡೆ ಪತ್ರಕ್ಕೆ ಸಹಿ ಹಾಕಿದವಳಿಗೆ ಅದರಿಂದ ಪ್ರಯೋಜನವೇನು?

ಅಪ್ಪ 2017ರಲ್ಲಿ ಹೋದರು. ಆಗ ಹೊಸದಾಗಿ ಬಂದಿದ್ದ 2016ರ ಆಯುಧ ನಿಯಮಗಳ ಪ್ರಕಾರ ಎಪ್ಪತ್ತು ದಾಟಿದ ಲೈಸೆನ್ಸುದಾರ ತಾನು ಬದುಕಿರುವಾಗಲೇ ಯಾವ ವಾರಸುದಾರರನ್ನಾದರೂ ಹೆಸರಿಸಬಹುದಿತ್ತು. ನಾನು ಒಮ್ಮೆ ಕೇಳಿದ್ದೆ ಕೂಡ. "ನಿನ್ನ ತಮ್ಮ ಏನಂತಾನೋ" ಎಂದು ಮಾತು ತೇಲಿಸಿದರು. ಅಪ್ಪನ ಮೇಲಿನ ಪ್ರೀತಿ ಬೇರೆ, ಅದು ತಪ್ಪು ಎನ್ನುವುದು ಬೇರೆ.

ಮಾರನೆಯ ವರ್ಷ ತಮ್ಮ ಒಂದು ಭಾನುವಾರ ಹಾಸನಕ್ಕೆ ಬಂದ. ಹಲಸಿನ ಹಣ್ಣು ತಂದಿದ್ದ. ಕಾಫಿ ಕುಡಿದ ಮೇಲೆ ಜೇಬಿನಿಂದ ಛಾಪಾ ಕಾಗದ ತೆಗೆದ.

"ಅಕ್ಕ, ಒಂದು ಸಹಿ ಬೇಕಿತ್ತು."

"ಯಾತಕ್ಕೋ?"

"ಅಪ್ಪನ ಕೋವಿದು. ನನ್ನ ಹೆಸರಿಗೆ ಮಾಡ್ಸಾಕೆ. ಉಳಿದ ವಾರಸುದಾರರದು ತಕರಾರಿಲ್ಲ ಅಂತ ಅಫಿಡವಿಟ್ ಬೇಕಂತೆ. ಅವ್ವಂದು, ನಿಂದು, ಸಣ್ಣಕ್ಕಂದು."

ನೋಡಿ, ಇದು ನನಗೆ ತಿಳಿದೇ ಇರಲಿಲ್ಲ. ಜಮೀನಿಗಾಗಿ ನನ್ನ ಸಹಿ ಕೇಳಿದಂತೆಯೇ ಈ ತಂತಿ ಸುತ್ತಿದ ಕೋವಿಗೂ ಕಾನೂನು ನನ್ನ ಸಹಿ ಕೇಳುತ್ತಿದೆ. ನಿಯಮದಲ್ಲಿ ವಾರಸುದಾರ ಎಂದಷ್ಟೇ ಇದೆ, ಗಂಡು ಹೆಣ್ಣು ಎಂದಿಲ್ಲ. ಪೆನ್ನು ಅವನೇ ತಂದಿದ್ದ. ಕ್ಯಾಪು ತೆಗೆದು ಕೊಟ್ಟ. ನಾನು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ, ಎರಡು ಸಲ.

"ನಂಗೆ ಬೇಕು ಕಣೋ."

"ಏನು, ಪೆನ್ನಾ?"

"ಕೋವಿ."

ಅವನು ನಕ್ಕ. "ನೀನು ಕೋವಿ ಇಟ್ಕಂಡು ಯಾರನ್ನ ಹೊಡೀತೀಯಕ್ಕ?"

"ನೀನು ಯಾರನ್ನ ಹೊಡೀತೀಯ ಹೇಳು ಮೊದ್ಲು."

ನಗು ನಿಂತಿತು. ಹಲಸಿನ ಹಣ್ಣು ಅರ್ಧ ಬಿಡಿಸಿದ್ದು ಹಾಗೇ ಉಳಿಯಿತು.

ಇಲ್ಲಿ ಅವನ ಪರವಾಗಿ ಹೇಳಬಹುದಾದದ್ದನ್ನು ಹೇಳಿಬಿಡಬೇಕು. ಊರಲ್ಲಿರುವವನು ಅವನು. ಹಂದಿ ಆನೆ ಬರುವುದು ಅವನ ಗದ್ದೆಗೆ, ನನ್ನ ನಡುಮನೆಗಲ್ಲ. ನಮ್ಮ ಜಿಲ್ಲೆಯ ಆಲೂರು, ಸಕಲೇಶಪುರದ ಕಡೆ ಆನೆಯ ಕಾಟದಲ್ಲಿ ಜನ ಸಾಯುತ್ತಿರುವುದು ಸುಳ್ಳಲ್ಲ. 2023ರ ಡಿಸೆಂಬರಿನಲ್ಲಿ ಯಸಳೂರಿನ ಹತ್ತಿರ ಕಾಡಾನೆ ಹಿಡಿಯಲು ಹೋಗಿ ದಸರಾ ಅಂಬಾರಿ ಹೊತ್ತ ಅರ್ಜುನನೇ ಸತ್ತನಲ್ಲ. ಅಂಥ ಕಡೆ ರೈತನಿಗೆ ಕೋವಿ ಬೇಡವೆಂದು ಪೇಟೆಯಲ್ಲಿ ಕೂತು ಹೇಳಲು ನನಗೆ ಬಾಯಿಲ್ಲ. ನಮ್ಮ ಮನೆಯ ಸಂಗತಿ ಹಾಗಿರಲಿಲ್ಲ. ತಮ್ಮ ಜಮೀನಿನ ಮುಕ್ಕಾಲು ಪಾಲನ್ನು ಶುಂಠಿ ಬೆಳೆಯುವವರಿಗೆ ಗುತ್ತಿಗೆಗೆ ಕೊಟ್ಟಿದ್ದಾನೆ, ಉಳಿದದ್ದಕ್ಕೆ ಸೋಲಾರ್ ಬೇಲಿ. ಅಪ್ಪನ ಕೊನೆಯ ಹದಿನೈದು ವರ್ಷದಲ್ಲಿ ಆ ಕೋವಿ ಒಮ್ಮೆಯೂ ಗದ್ದೆಗೆ ಹೋಗಿರಲಿಲ್ಲ. ಅವನಿಗೆ ಬೇಕಿದ್ದದ್ದು ಏನು ಎಂದು ಅವನೇ ಆಮೇಲೆ ಅವ್ವನ ಹತ್ತಿರ ಹೇಳಿದನಂತೆ: ಮನೇಲಿ ಒಂದು ಕೋವಿ ಇದ್ರೆ ಅದೊಂದು ಗತ್ತು.

ಗತ್ತು! ನನಗೂ ಆ ಆಸೆ ಸ್ವಲ್ಪ ಇತ್ತೇನೋ, ಇಲ್ಲವೆನ್ನಲಾರೆ.

ಎರಡು ವರ್ಷ ಮಾತು ನಿಂತಿತು. ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ತಂಗಿ ಮಾತ್ರ ಗಟ್ಟಿಯಾಗಿ ನಿಂತಳು. "ಅಕ್ಕ ಹಾಕಿದ್ರೆ ನಾನೂ ಹಾಕ್ತೀನಿ, ಇಲ್ದಿದ್ರೆ ಇಲ್ಲ" ಎಂದು ತಮ್ಮನಿಗೆ ಹೇಳಿ ಕಳಿಸಿದಳು. ಜಮೀನಿನ ಹೊತ್ತಿಗೆ ಬಾಯಿ ಬಿಡದವಳು ಒಂದು ಹಳೇ ಕೋವಿಗೆ ಇಷ್ಟು ಹಟ ಹಿಡಿದಳೇಕೆ ಎಂದು ಅವಳ ಗಂಡನಿಗೇ ಆಶ್ಚರ್ಯ. ಅವ್ವ ಅಳುತ್ತಿದ್ದರು: "ಗಂಡುಮಗನ ಮನೇಲಿರೋ ವಸ್ತುವ ಹೆಣ್ಣುಮಗಳು ಎಳ್ಕಂಡೋಗಾದು ಸರಿಯಲ್ಲ ಕಣವ್ವ." ಕೋವಿ ವ್ಯಾಪಾರಿಯ ಬಳಿ ಠೇವಣಿಯಲ್ಲಿತ್ತು, ಬಾಡಿಗೆಯನ್ನು ನಾನು ಕಟ್ಟುತ್ತಿದ್ದೆ. ಅವನೂ ಸಹಿ ಹಾಕದೆ ನಾನೂ ಹಾಕದೆ ಹೋದರೆ ಯಾರಿಗೂ ಇಲ್ಲದೆ ಸರ್ಕಾರಕ್ಕೆ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಹೋಗಲಿ ಎಂದು ಅನ್ನಿಸಿದ ದಿನಗಳೂ ಇದ್ದವು.

2021ರಲ್ಲಿ ಕೋವಿಡ್ಡಿನ ಎರಡನೇ ಅಲೆ. ತಮ್ಮನಿಗೆ ಬಂತು, ಹಾಸನದ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ನಾನು ಬಾಗಿಲ ಹೊರಗೆ ಗಂಜಿಯ ಡಬ್ಬಿ ಇಟ್ಟು ಬರುತ್ತಿದ್ದೆ. ಅದಕ್ಕೂ ಇದಕ್ಕೂ ನಾನು ಗಂಟು ಹಾಕಲಿಲ್ಲ, ಅವನೂ ಹಾಕಲಿಲ್ಲ. ಆದರೆ ಆ ವರ್ಷದ ದೀಪಾವಳಿಯ ಹೊತ್ತಿಗೆ ಅವನೇ ಫೋನು ಮಾಡಿ, "ಎಲ್ಲಿಗೆ ಬರ್ಬೇಕು ಸಹಿ ಹಾಕಾಕೆ?" ಎಂದ. ಅರಕಲಗೂಡಿನಲ್ಲಿ ನೋಟರಿಯ ಎದುರು ಕೂತೆವು. ಅವ್ವ ಮೊದಲು ಹೆಬ್ಬೆಟ್ಟು ಒತ್ತಿದರು. ತಮ್ಮನ ಮುಂದೆ ಕಾಗದ ಬಂದಾಗ, "ಓದಿ ಹಾಕೋ" ಎಂದೆ.

"ಓದೋದೇನಿದೆ ಬಿಡಕ್ಕ" ಎಂದ.

"ಓದು" ಎಂದೆ. ಓದಿದ. ಅವನು ಓದಿ ಮುಗಿಸುವವರೆಗೆ ನನಗೆ ಉಸಿರು ಸರಿಯಾಗಿ ಆಡಲಿಲ್ಲ.

ಆಮೇಲಿನದು ಕಚೇರಿಗಳ ಕಥೆ, ಅದನ್ನು ಎಲ್ಲರೂ ಅನುಭವಿಸಿದ್ದೇ. ಒಂದು ಕಡೆ ಗುಮಾಸ್ತರು ಅರ್ಜಿಯಲ್ಲಿ ನನ್ನ ಹೆಸರಿನ ಮುಂದೆ 'ಕೋಂ' ಎಂದು ಬರೆದು ಯಜಮಾನರ ಹೆಸರು ಕೇಳಿದರು. ಕೋವಿ ಬರುತ್ತಿರುವುದು ಗಂಡನಿಂದಲ್ಲ, ಅಪ್ಪನಿಂದ, ಅಪ್ಪನ ಹೆಸರು ಬರೆಯಿರಿ ಎಂದೆ. "ಮದುವೆ ಆಗೈತಲ್ಲ ಮೇಡಂ" ಎಂದರು. ಮದುವೆಯಾದರೆ ಅಪ್ಪ ಬದಲಾಗುತ್ತಾನೆಯೇ? ವಿಚಾರಣೆಗೆ ಬಂದ ಪೊಲೀಸಿನವರು ಅಕ್ಕಪಕ್ಕದ ಮನೆಗಳಲ್ಲಿ ನನಗೆ ಕೋಪ ಜಾಸ್ತಿಯೇ ಎಂದು ಕೇಳಿದರಂತೆ. ಅದು ಕೇಳಬೇಕಾದ ಪ್ರಶ್ನೆಯೇ. "ಯಜಮಾನರದು ಒಪ್ಪಿಗೆ ಇದೆಯಾ?" ಎಂದು ನನ್ನನ್ನೇ ಕೇಳಿದ್ದು ಮಾತ್ರ ಯಾವ ನಮೂನೆಯಲ್ಲೂ ಇರಲಿಲ್ಲ. ನಮ್ಮೆಜಮಾನರು ಒಳಗಿನಿಂದ, "ನನ್ನ ಒಪ್ಪಿಗೆ ಅವರು ಯಾವುದಕ್ಕೂ ಕೇಳಿಲ್ಲ ಸಾರ್, ಬರ್ಕೊಳ್ಳಿ" ಎಂದರು.

ತರಬೇತಿಗೆ ಹೋದದ್ದನ್ನು ಮಾತ್ರ ಬಿಡಲಾರೆ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿ. ಸಾಲಿನಲ್ಲಿದ್ದವರೆಲ್ಲ ಗಂಡಸರು, ಹೆಚ್ಚಿನವರು ನನ್ನ ಶಿಷ್ಯರ ವಯಸ್ಸಿನವರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮರಳುಚೀಲದ ಹಿಂದೆ ಮಲಗಿದೆ. "ಟೀಚರಮ್ಮ, ಭುಜಕ್ಕೆ ಒತ್ತಿ ಹಿಡೀರಿ, ಉಸಿರು ಬಿಟ್ಟು ಒತ್ತಿ" ಎಂದರು ಹೇಳಿಕೊಡುವವರು. ಒತ್ತಿದೆ. ಭುಜ ಎರಡು ದಿನ ನೀಲಿಗಟ್ಟಿತ್ತು. ಹನ್ನೊಂದರ ಹುಡುಗಿಯ ಚಾಚಿದ ಕೈಗೆ ಐವತ್ತಮೂರರಲ್ಲಿ ಗುಂಡು ಸಿಕ್ಕಿತು. ಗುರಿಯ ಹಲಗೆಯ ಒಂದು ಮೂಲೆಗೆ ತಾಗಿತ್ತು, ಅಷ್ಟೇ. ಅವತ್ತು ಮನೆಗೆ ಬಂದು ಒಬ್ಬಳೇ ಬಚ್ಚಲಿನಲ್ಲಿ ಅತ್ತೆ. ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ.

2022ರಲ್ಲಿ ಲೈಸೆನ್ಸು ಬಂತು, ಐದು ವರ್ಷಕ್ಕೆ. ಕೋವಿ ಕೈಗೆ ಬಂದಾಗ ನಳಿಗೆಯ ಒಳಗೆ ತುಕ್ಕಿನ ಚುಕ್ಕೆ, ಹಿಡಿಯ ತಂತಿ ಹಸಿರುಗಟ್ಟಿತ್ತು. ಸೀಮೆಎಣ್ಣೆಯಲ್ಲಿ ಒರೆಸಿ, ಎಣ್ಣೆ ಹಚ್ಚಿದೆ. ತಂತಿಯನ್ನು ಬಿಚ್ಚಲಿಲ್ಲ. ಗೋಡೆಗೆ ನೇತುಹಾಕಿಲ್ಲ. ಬಂದವರು ನೋಡಲೆಂದು ಗೋಡೆಗೆ ಕೋವಿ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಭದ್ರವಾಗಿ ಇಡುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟಿದ್ದೇನೆ, ಕಬ್ಬಿಣದ ಬೀರುವಿನಲ್ಲಿ ನಳಿಗೆ ಬೇರೆ ಹಿಡಿ ಬೇರೆ ಮಾಡಿ ಬೀಗ ಹಾಕಿದ್ದೇನೆ. ತೋಟಾ ಒಂದನ್ನೂ ಕೊಂಡಿಲ್ಲ. ಸಂಗ್ರಹದ ಕೋಣೆಯಲ್ಲಿ ಅದರ ಜಾಗದಲ್ಲಿ ರಟ್ಟಿನ ಚೀಟಿ ಮಾತ್ರ ಇದೆ, ಅಪ್ಪನ ಹೆಸರು ಬರೆದು. ಅದರ ಪಕ್ಕ ಅವ್ವನ ಸೂಜಿಯ ತೋಟಾ. "ತಗೋ, ಇದೂ ನೀನೇ ಇಟ್ಕೋ. ಕೋವಿ ಅಲ್ಲಿ, ತೋಟಾ ಇಲ್ಲಿ ಯಾಕೆ" ಎಂದು ಅವ್ವ ತಾವಾಗಿಯೇ ತಂದುಕೊಟ್ಟರು. ಸೂಜಿಗಳು ಒಳಗೇ ಇವೆ.

2023ರ ವಿಧಾನಸಭೆ ಚುನಾವಣೆಗೆ, ಮತ್ತೆ 2024ರ ಲೋಕಸಭೆಗೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಯಿತು. ನೀತಿಸಂಹಿತೆ ಜಾರಿಯಾದರೆ ಇದು ನಮ್ಮಲ್ಲಿ ನಡೆದುಬಂದದ್ದು. ಬೆಳೆ ಕಾಯುವವರಿಗೆ ಇದರಿಂದ ತೊಂದರೆ, ಅವರ ಗೊಣಗಾಟ ನ್ಯಾಯವಾದದ್ದು. ನನಗೆ ಅದರಿಂದ ನಷ್ಟವಿಲ್ಲ. ಎರಡನೇ ಸಲ ಹೋದಾಗ ಸರದಿಯಲ್ಲಿ ನನ್ನ ಹಿಂದೆ ನಿಂತಿದ್ದವರು, "ಯಜಮಾನ್ರಿಗೆ ಹುಷಾರಿಲ್ವಾ ತಾಯಿ, ನಿಮ್ಮನ್ನ ಕಳ್ಸವ್ರೆ" ಎಂದರು. ರಸೀದಿಯಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಕೋವಿಯ ನಂಬರು. ಅದನ್ನು ಅವರ ಕೈಗೇ ಕೊಟ್ಟು ಓದಿಸಿದೆ.

ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಆಸ್ತಿ ಬಿಟ್ಟು ತುಕ್ಕು ಕೋವಿಗೆ ಜಗಳವಾಡಿದ ಹುಚ್ಚು ಎನ್ನುತ್ತಾರೆ. ಲೆಕ್ಕದಲ್ಲಿ ಅವರು ಹೇಳುವುದು ಸರಿ. ಬಿಟ್ಟದ್ದು ಎಕರೆಗಟ್ಟಲೆ, ಹಿಡಿದದ್ದು ಗುಜರಿಯ ಬೆಲೆಯದ್ದು. ಆದರೆ ಹಾಗೆನ್ನುವ ನಾಲ್ವರಲ್ಲಿ ಮೂವರು ಹೆಂಗಸರು, ಮೂವರೂ ತಮ್ಮ ತಮ್ಮ ತವರಿಗೆ ಬಿಡುಗಡೆ ಪತ್ರ ಬರೆದುಕೊಟ್ಟವರು, ಒಬ್ಬರೂ ಓದಿದವರಲ್ಲ. ಪಾಠ ಹೇಳುವ ನಾವೇ ಹೀಗಾದರೆ ಹೆಬ್ಬೆಟ್ಟು ಒತ್ತುವವರನ್ನು ಏನೆನ್ನುವುದು? ಅಣ್ಣತಮ್ಮಂದಿರನ್ನು ಕೋರ್ಟಿಗೆ ಎಳೆಯಿ ಎಂದು ನಾನು ಹೇಳುತ್ತಿಲ್ಲ. ಪ್ರೀತಿಯಿಂದ ಬಿಟ್ಟುಕೊಡುವವರು ಬಿಟ್ಟುಕೊಡಲಿ. ಆದರೆ ಬಿಡುವ ಮೊದಲು ಅದು ತಮ್ಮದು ಎಂದು ಒಮ್ಮೆ ಬಾಯಿಬಿಟ್ಟು ಹೇಳಬೇಕು, ಎದುರಿಗಿರುವವನು ಅದನ್ನು ಕೇಳಿಸಿಕೊಳ್ಳಬೇಕು. ಹಾಗೆ ಹೇಳದೆ ಕೊಟ್ಟದ್ದು ದಾನವಲ್ಲ, ಕಳಕೊಂಡದ್ದು.

ಕಳೆದ ತಿಂಗಳು ನಮ್ಮ ಶಾಲೆಯ ಚಿಕ್ಕ ವಯಸ್ಸಿನ ವಿಜ್ಞಾನದ ಟೀಚರು ಅರ್ಧ ದಿನ ರಜೆಗೆ ಅರ್ಜಿ ಹಿಡಿದು ಬಂದಳು. ಹೆಡ್ ಮೇಡಂ ಇರಲಿಲ್ಲ, ಹಿರಿಯವಳೆಂದು ನನ್ನ ಮೇಜಿನ ಮೇಲಿಟ್ಟಳು. ಎಲ್ಲಿಗೆ ಎಂದು ಕೇಳಿದೆ. ಊರಿಗೆ, ರಿಜಿಸ್ಟ್ರಾರ್ ಆಫೀಸಿನಲ್ಲಿ ಒಂದು ಸಹಿ ಇದೆ, ಅಣ್ಣ ಕಾಯುತ್ತಿದ್ದಾನೆ ಎಂದಳು. ಪತ್ರ ಓದಿದ್ದೀಯೇನಮ್ಮ ಎಂದೆ. "ಅಯ್ಯೋ, ಓದೋದೇನಿದೆ ಮೇಡಂ" ಎಂದು ನಕ್ಕು, ಎರಡು ಗಂಟೆಯ ಬಸ್ಸು ತಪ್ಪುತ್ತದೆಂದು ಓಡಿದಳು. ಅರ್ಜಿ ನನ್ನ ಮುಂದೆಯೇ ಇತ್ತು. ರಜೆಯ ಕಾರಣ ಎಂಬ ಸಾಲಿನಲ್ಲಿ ದುಂಡಗಿನ ಅಕ್ಷರದಲ್ಲಿ, 'ಸ್ವಂತ ಕೆಲಸದ ನಿಮಿತ್ತ' ಎಂದು ಬರೆದಿದ್ದಳು.